ಕುಂಬಳಕಾಯಿ ಕಪ್ಪಗಿದ್ದ ಕಾಲ

2007ರ ಅಕ್ಟೋಬರ್. ಕಂಪನಿ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಿ ಐದು ತಿಂಗಳಾಗಿತ್ತು. ಊರಲ್ಲಿ ನವರಾತ್ರಿ ಸಡಗರ, ನನಗೆ ಇಲ್ಲಿ ಬ್ರೆಡ್ಡು-ಜಾಮು. ಒಂದು ಶನಿವಾರ ಬೆಳಿಗ್ಗೆ ಮಂಗಳೂರು ಕಡೆಯ ಗೆಳೆಯನೊಬ್ಬ ಬಂದು, "ಕ್ಯಾಮೆರಾ ತಗೋ ಮಾರಾಯ, ಒಂದು ಮಾಡು ತೋರಿಸ್ತೇನೆ" ಅಂದ. ಮಾಡು ನೋಡಲು ಅಷ್ಟು ದೂರ ಹೋಗಬೇಕಾ ಅಂತ ಗೊಣಗಿಕೊಂಡೇ ಕಾರು ಹತ್ತಿದೆ.

ಹೋಗಿದ್ದು ವೆಸ್ಟ್ ಸಸೆಕ್ಸ್‌ನಲ್ಲಿ ಅರುಂಡೆಲ್ ಹತ್ತಿರದ ಸ್ಲಿಂಡನ್ ಅನ್ನೋ ಪುಟ್ಟ ಹಳ್ಳಿಗೆ. ಅಲ್ಲೊಂದು ಶೆಡ್ಡಿನ ಇಳಿಜಾರು ಮಾಡಿನ ತುಂಬ ಕುಂಬಳಕಾಯಿಗಳು! ಸುಮ್ಮನೆ ಪೇರಿಸಿಟ್ಟಿದ್ದಲ್ಲ, ನಮ್ಮಲ್ಲಿ ಹೂವಿನ ರಂಗೋಲಿ ಹಾಕ್ತಾರಲ್ಲ ಹಾಗೆ, ಬಣ್ಣ ಬಣ್ಣದ ಕಾಯಿಗಳನ್ನು ಜೋಡಿಸಿ ಚಿತ್ರ ಬಿಡಿಸಿದ್ದರು. ರಾಲ್ಫ್ ಅಪ್ಟನ್ ಅನ್ನೋ ರೈತರು 1968ರಲ್ಲಿ ಶುರು ಮಾಡಿದ ಪರಿಪಾಠವಂತೆ. (ಅವರು 2009ರಲ್ಲಿ ತೀರಿಕೊಂಡರು, ಮಗ ಅದನ್ನು ಮುಂದುವರಿಸಿದರು.) ಕೆಳಗೆ ಪೆಟ್ಟಿಗೆಗಳಲ್ಲಿ ಹತ್ತಾರು ಜಾತಿಯ ಕಾಯಿಗಳು. ಬೂದು-ನೀಲಿ ಬಣ್ಣದ ಕ್ರೌನ್ ಪ್ರಿನ್ಸ್, ಮುಂಡಾಸು ಸುತ್ತಿಕೊಂಡ ಹಾಗಿರೋ ಟರ್ಕ್ಸ್ ಟರ್ಬನ್, ತಂಬೂರಿಯ ಬುರುಡೆಗೆ ಮರಿ ಹುಟ್ಟಿದ ಹಾಗಿರೋ ಬಟರ್‌ನಟ್. ಮೈತುಂಬ ಗಂಟುಗಂಟು ಎದ್ದ, ಅಡುಗೆಗೆ ಬಾರದ, ಅಂದಕ್ಕಷ್ಟೇ ಇಡುವ ಪುಟ್ಟ ಬುರುಡೆಗಳು ಬೇರೆ.

ಆಗ ನನ್ನ ಹತ್ತಿರ ಇದ್ದದ್ದು ಒಂದು ಚಿಕ್ಕ ಕ್ಯಾನನ್ ಪವರ್‌ಶಾಟ್. ಬ್ಯಾಟರಿ ಮುಗಿಯೋವರೆಗೂ ಕ್ಲಿಕ್ಕಿಸಿದೆ. ಇನ್ನೂರಕ್ಕೂ ಹೆಚ್ಚು ಫೋಟೋ. ರಾತ್ರಿ ರೂಮಿಗೆ ಬಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಎದೆ ಧಸಕ್ಕಂತು. ಕಿತ್ತಳೆ ಬಣ್ಣದ ಕಾಯಿಗಳೆಲ್ಲ ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಕಾಣ್ತಿವೆ! ಏಣುಗಳಿಲ್ಲ, ಗೀರುಗಳಿಲ್ಲ, ಮಣ್ಣಿನ ಕಲೆಯಿಲ್ಲ. ಬರೀ ಕಿತ್ತಳೆ.

ಯಾಕೆ ಹೀಗಾಯ್ತು ಅಂತ ಹುಡುಕಿದಾಗ ತಿಳೀತು. ಡಿಜಿಟಲ್ ಕ್ಯಾಮೆರಾದ ಸೆನ್ಸರಿನ ಮೇಲೆ ಚದುರಂಗದ ಮನೆಗಳ ಹಾಗೆ ಬಣ್ಣದ ಜರಡಿಗಳಿರುತ್ತವೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಅದು. ಅರ್ಧ ಮನೆಗಳು ಹಸಿರಿಗೆ, ಕಾಲು ಭಾಗ ಕೆಂಪಿಗೆ, ಇನ್ನು ಕಾಲು ನೀಲಿಗೆ. ಕುಂಬಳಕಾಯಿಯಿಂದ ನೀಲಿ ಬೆಳಕು ಹೆಚ್ಚುಕಮ್ಮಿ ಬರೋದೇ ಇಲ್ಲ, ಕೆಂಪು ಮಾತ್ರ ಧಾರಾಳ. ಬೆಳಕಿನ ಮೀಟರು ಮೂರನ್ನೂ ಸೇರಿಸಿ ಸರಾಸರಿ ನೋಡಿ "ಸರಿಯಾಗಿದೆ" ಅನ್ನುತ್ತೆ, ಅಷ್ಟರಲ್ಲಿ ಕೆಂಪಿನ ಕೊಡ ತುಂಬಿ ಚೆಲ್ಲಿರುತ್ತೆ. ಚೆಲ್ಲಿದ ಮೇಲೆ ಏಣು ಯಾವುದು ತಗ್ಗು ಯಾವುದು ಅನ್ನೋ ಲೆಕ್ಕ ಎಲ್ಲಿಯದು? ಸ್ವಲ್ಪ ಕಮ್ಮಿ ಎಕ್ಸ್‌ಪೋಷರ್ ಕೊಟ್ಟು, ಮೋಡ ಇದ್ದಾಗ, ಓರೆ ಬೆಳಕಲ್ಲಿ ತೆಗೆದರೆ ಕಾಯಿಗೆ ಮೈ ಬರುತ್ತೆ. ಇದು ಗೊತ್ತಾಗಿದ್ದು ಆಮೇಲೆ, ಬಿಡಿ.

ಆದರೆ ಹುಡುಕುತ್ತಾ ಹೋದಾಗ ಇನ್ನೊಂದು ಸಂಗತಿ ಸಿಕ್ಕಿತು, ಅದು ನನ್ನ ತಲೆಯಿಂದ ಹೋಗಲೇ ಇಲ್ಲ. ನನ್ನ ಕ್ಯಾಮೆರಾಕ್ಕೆ ಕುಂಬಳಕಾಯಿಯ ಬಣ್ಣ ಜಾಸ್ತಿಯಾಗಿತ್ತು. ಮೊದಲ ಕಾಲದ ಕ್ಯಾಮೆರಾಗಳಿಗೆ ಆ ಬಣ್ಣ ಕಾಣುತ್ತಲೇ ಇರಲಿಲ್ಲ!

ಹೌದು. ಫೋಟೋಗ್ರಫಿ ಹುಟ್ಟಿದ ಮೊದಲ ಐವತ್ತು ವರ್ಷ ಕುಂಬಳಕಾಯಿ ಕಪ್ಪಗಿತ್ತು.

ಬೆಳ್ಳಿಯ ಲವಣಗಳು ತಾವಾಗಿ ಸ್ಪಂದಿಸೋದು ನೀಲಿ, ನೇರಳೆ ಮತ್ತು ಅದರಾಚೆಯ ಕಣ್ಣಿಗೆ ಕಾಣದ ಕಿರಣಗಳಿಗೆ ಮಾತ್ರ. ಇಂಗ್ಲೆಂಡಿನ ಟಾಲ್ಬಟ್ 1844ರಿಂದ 1846ರವರೆಗೆ ಕಂತಿನಲ್ಲಿ ಹೊರತಂದ 'ದಿ ಪೆನ್ಸಿಲ್ ಆಫ್ ನೇಚರ್' ಅನ್ನೋ ಪುಸ್ತಕದ ಕೊನೆಯ ಫೋಟೋ ಒಂದು ಹಣ್ಣಿನ ಚಿತ್ರ, ಬುಟ್ಟಿಗಳಲ್ಲಿ ಅನಾನಸ್ಸು ಇತ್ಯಾದಿ. ಅಂದರೆ ಫೋಟೋಗ್ರಫಿ ಅಂಬೆಗಾಲಿಡುವಾಗಲೇ ಹಣ್ಣು-ತರಕಾರಿಗಳ ಮೇಲೆ ಕಣ್ಣಿತ್ತು. ಅದೂ ಸರಿಯೇ, ನಿಮಿಷಗಟ್ಟಲೆ ಅಲ್ಲಾಡದೆ ಕೂರುವ ಗಿರಾಕಿ ಬೇರೆ ಯಾರಿದ್ದಾರೆ :-) 1851ರಲ್ಲಿ ಆರ್ಚರ್ ಕೊಲೋಡಿಯನ್ ಗಾಜಿನ ವಿಧಾನ ಪ್ರಕಟಿಸಿದ, 1871ರಲ್ಲಿ ಮ್ಯಾಡಾಕ್ಸ್ ಜೆಲಾಟಿನ್ ಪ್ಲೇಟಿನ ದಾರಿ ತೋರಿಸಿದ. ಯಾವುದು ಬಂದರೂ ಈ ಕುರುಡು ಹೋಗಲಿಲ್ಲ. ನೀಲಿ ಆಕಾಶ ಬೆಳ್ಳಗೆ ಸುಣ್ಣ ಬಳಿದ ಹಾಗೆ ಬರೋದು. ಕೆಂಪು, ಕಿತ್ತಳೆ ಎಲ್ಲ ಇದ್ದಿಲಿನ ಹಾಗೆ. ಕುಂಬಳದ ಸಿಪ್ಪೆಯಲ್ಲಿರೋ ಕ್ಯಾರೊಟಿನ್ ಬಗೆಯ ವರ್ಣದ್ರವ್ಯಗಳು ನೀಲಿ ಬೆಳಕನ್ನು ನುಂಗಿಬಿಡುತ್ತವೆ. ಪ್ಲೇಟಿಗೆ ಬೇಕಾದ್ದು ಅದೊಂದೇ ಬೆಳಕು. ಅದೇ ಬರದಿದ್ದರೆ ಕುಂಬಳಕಾಯಿ ಇದ್ದೂ ಇಲ್ಲ.

1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್ ಅನ್ನುವವರು ಪ್ಲೇಟಿಗೆ ಬಣ್ಣದ ದ್ರವ್ಯ ಬೆರೆಸಿದರೆ ಅದಕ್ಕೆ ಹಸಿರೂ ಕಾಣತೊಡಗುತ್ತೆ ಅಂತ ಕಂಡುಕೊಂಡರು. ಅಲ್ಲಿಂದ ಮುಂದೆ ಹಸಿರು-ಹಳದಿ ಕಾಣುವ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳು ಬಂದವು. ಕೆಂಪೂ ಸೇರಿದಂತೆ ಎಲ್ಲ ಬಣ್ಣ ಕಾಣುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು ಇಂಗ್ಲೆಂಡಿನ ಅಂಗಡಿಗೆ ಬಂದದ್ದು 1906ರಲ್ಲಿ.

ಇಲ್ಲಿ ಒಂಚೂರು ಹಿಂದಕ್ಕೆ ಹೋಗಬೇಕು. ಕುಂಬಳಕಾಯಿಗೆ ಚಿತ್ರದ ಯೋಗ ಬಂದದ್ದು ಕ್ಯಾಮೆರಾದಿಂದ ಅಲ್ಲ. ಸಿಹಿಗುಂಬಳದ ವಂಶ ಪೂರಾ ಅಮೆರಿಕ ಖಂಡದ್ದು. ಮೆಕ್ಸಿಕೋದ ವಹಾಕಾ ಸೀಮೆಯ ಗಿಲಾ ನಾಕಿಟ್ಜ್ ಗುಹೆಯಲ್ಲಿ ಸುಮಾರು 10,000 ವರ್ಷ ಹಳೆಯ ಬೆಳೆಸಿದ ಕುಂಬಳದ ಬೀಜಗಳು ಸಿಕ್ಕಿವೆ, ಅಲ್ಲಿನ ಜೋಳಕ್ಕಿಂತ ಹಳೆಯ ಬೆಳೆ. 1492ರಲ್ಲಿ ಕೊಲಂಬಸ್ ಆ ಕಡೆ ಕಾಲಿಟ್ಟ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಫ್ರಾನ್ಸಿನ ರಾಣಿ ಆನ್ ಆಫ್ ಬ್ರಿಟನಿಯ ಪ್ರಾರ್ಥನಾ ಪುಸ್ತಕದ ಅಂಚಿನಲ್ಲಿ ಆ ಜಾತಿಯ ಒಂದು ಬಳ್ಳಿ, ಕಾಯಿ ಸಮೇತ! 1503ರಿಂದ 1508ರ ನಡುವೆ ಝಾನ್ ಬೂರ್ದಿಶೋನ್ ಬರೆದ ಚಿತ್ರಗಳು ಅವು. ರೋಮಿನ ವಿಲ್ಲಾ ಫಾರ್ನೆಸೀನಾದ ಛಾವಣಿಯಲ್ಲಿ 1515-18ರ ಹೊತ್ತಿಗೆ ಜೊವಾನ್ನಿ ದಾ ಊದಿನೆ ಬರೆದ ಹಾರಗಳಲ್ಲಿ ಕುಂಬಳಕಾಯಿಗಳು ತೂಗುತ್ತಿವೆ. 1542ರಲ್ಲಿ ಜರ್ಮನಿಯ ಫುಕ್ಸ್ ತನ್ನ ಗಿಡಮೂಲಿಕೆ ಗ್ರಂಥದಲ್ಲಿ ಅಚ್ಚು ಹಾಕಿಸಿದ. ಚಿತ್ರಕಾರರಿಗೆ ಬಣ್ಣ ಕಾಣುತ್ತಿತ್ತು ನೋಡಿ. ನಮ್ಮೂರಿಗೆ ಸಿಹಿಗುಂಬಳ ಬಂದದ್ದೂ ಪೋರ್ಚುಗೀಸರ ಹಡಗುಗಳ ಕಾಲದಲ್ಲೇ. ಬೂದುಗುಂಬಳ ಹಾಗಲ್ಲ, ಅದು ಏಷ್ಯಾದ್ದೇ, ಬೇರೆಯೇ ಕುಲ. ನಾವು ಎರಡಕ್ಕೂ ಒಂದೇ ಹೆಸರಿಟ್ಟು ಅಣ್ಣತಮ್ಮ ಮಾಡಿಬಿಟ್ಟಿದ್ದೇವೆ ಅಷ್ಟೆ.

ಇರಲಿ. ನಾನು ಹೇಳಬೇಕು ಅಂತಿದ್ದದ್ದು ಚಾರ್ಲ್ಸ್ ಜೋನ್ಸ್ ಬಗ್ಗೆ.

1981ರಲ್ಲಿ ಲಂಡನ್ನಿನ ಬರ್ಮಂಡ್ಸಿ ಹಳೇಸಾಮಾನಿನ ಸಂತೆಯಲ್ಲಿ ಶಾನ್ ಸೆಕ್ಸ್‌ಟನ್ ಅನ್ನೋ ಫೋಟೋ ಸಂಗ್ರಾಹಕರಿಗೆ ಒಂದು ಪೆಟ್ಟಿಗೆ ಸಿಕ್ಕಿತು. ಒಳಗೆ ನೂರಾರು ಫೋಟೋಗಳು. ಒಂದರಲ್ಲೂ ಮನುಷ್ಯರಿಲ್ಲ, ಕಟ್ಟಡವಿಲ್ಲ. ಎಲ್ಲ ತರಕಾರಿ, ಹಣ್ಣು, ಹೂವು. ಈರುಳ್ಳಿ, ಟರ್ನಿಪ್, ಅವರೆಯಂಥ ಕಾಯಿ, ಸೌತೆಯ ಜಾತಿಗಳು, ನಮ್ಮ ಸೋರೆಕಾಯಿಯ ಸೊಸೆಯ ಹಾಗಿರುವ ಮ್ಯಾರೋ. ಹಿಂದೆ ಬೋಳು ಪರದೆ, ಮುಂದೆ ತರಕಾರಿ, ಇನ್ನೇನೂ ಇಲ್ಲ. ಪ್ರತಿಯೊಂದರ ಬೆನ್ನಿಗೆ ಆ ತಳಿಯ ಹೆಸರು ನೀಟಾಗಿ ಬರೆದಿದೆ. ಮದುವೆಯ ಗಂಡಿನ ಫೋಟೋ ತೆಗೆದ ಹಾಗೆ ಮೂಲಂಗಿಯ ಫೋಟೋ ತೆಗೆದಿದ್ದ ಪುಣ್ಯಾತ್ಮ! ಯಾರಿವನು ಅಂತ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಮೊಮ್ಮಗಳೊಬ್ಬರಿಂದ ವಿವರ ತಿಳಿಯಿತು. ಜೋನ್ಸ್ ಹುಟ್ಟಿದ್ದು 1866ರಲ್ಲಿ, ವುಲ್ವರ್‌ಹ್ಯಾಂಪ್ಟನ್‌ನಲ್ಲಿ. ಕಸುಬಿನಲ್ಲಿ ಮಾಲಿ. ಶ್ರೀಮಂತರ ಬಂಗಲೆಗಳ ತೋಟದಲ್ಲಿ ಕೆಲಸ. ಅಂಥ ಒಂದು ಬಂಗಲೆ ಸಸೆಕ್ಸಿನ ಬರ್ಜೆಸ್ ಹಿಲ್ ಹತ್ತಿರದ ಓಟ್ ಹಾಲ್. ಅವರು ನೋಡಿಕೊಳ್ಳುತ್ತಿದ್ದ ಆ ತೋಟದ ಬಗ್ಗೆ 1905ರಲ್ಲಿ 'ಗಾರ್ಡನರ್ಸ್ ಕ್ರಾನಿಕಲ್' ಪತ್ರಿಕೆ ಹೊಗಳಿ ಬರೆದಿತ್ತು. ತೋಟದ ಬಗ್ಗೆ, ಫೋಟೋಗಳ ಬಗ್ಗೆ ಅಲ್ಲ. ಅವರು ತೀರಿಕೊಂಡದ್ದು 1959ರಲ್ಲಿ. ಫೋಟೋಗಳು ಪುಸ್ತಕವಾಗಿ ಬಂದದ್ದು 1998ರಲ್ಲಿ. ನಾನು ಸ್ಲಿಂಡನ್ನಿಗೆ ಹೋಗಿ ಇನ್ನೂರು ಫೋಟೋ ಹಾಳು ಮಾಡಿಕೊಂಡು ಬಂದದ್ದೂ ಇದೇ ಸಸೆಕ್ಸ್ ಸೀಮೆಗೆ ಅಂತ ತಿಳಿದಾಗ ಸ್ವಲ್ಪ ನಾಚಿಕೆಯಾಯ್ತು.

ಆ ಪುಸ್ತಕವನ್ನು ಮುಂದೆ ಒಂದು ಲೈಬ್ರರಿಯಲ್ಲಿ ಕೂತು ನೋಡಿದೆ. ಒಂದು ಮಧ್ಯಾಹ್ನ ಪೂರ್ತಿ. ಬಣ್ಣ ಇಲ್ಲದ ಕಡೆ ಕಣ್ಣು ಬೇರೆ ಏನನ್ನೋ ಹುಡುಕತೊಡಗುತ್ತೆ. ತೊಟ್ಟು ಒಣಗಿ ತಿರುಚಿಕೊಂಡ ಬಗೆ, ನೆಲಕ್ಕೆ ತಾಗಿ ಮಲಗಿದ್ದ ಕಡೆ ಸಿಪ್ಪೆ ಮಾಸಿದ್ದು, ಹುಳ ಕೊರೆದು ಬಿಟ್ಟ ಗುರುತು. ಮಾರಾಟಕ್ಕಿಟ್ಟವನು ಇಂಥದ್ದನ್ನೆಲ್ಲ ತಿರುಗಿಸಿ ಹಿಂದೆ ಮಾಡಿ ಇಡುತ್ತಾನೆ. ನೆಟ್ಟು ನೀರು ಹಾಕಿದವನು ತನಗೆ ಗೊತ್ತಿರೋ ಮುಖವನ್ನು ಮುಂದಿಡುತ್ತಾನೆ ಅಂತ ನನ್ನ ಊಹೆ. ಅವರ ಕಾಲದ ಪ್ಲೇಟುಗಳಿಗೂ ಕೆಂಪಿನ ಕುರುಡು ಇದ್ದೇ ಇತ್ತು. ಅದರೊಳಗೇ ಅವರು ಬಿಳಿ ಮ್ಯಾರೋವಿನ ಮೈಯನ್ನು ಹೇಗೆ ಉರುಟಾಗಿ ತಂದಿದ್ದಾರೆ ಅಂದ್ರೆ, ತಟ್ಟಿದರೆ ಸದ್ದು ಬರಬೇಕು.

ಗಾಜಿನ ನೆಗೆಟಿವ್‌ಗಳು ಏನಾದವು ಅಂತ ಕೇಳ್ತೀರಾ? ಒಂದೂ ಉಳಿದಿಲ್ಲ. ಮುಪ್ಪಿನಲ್ಲಿ ಅಜ್ಜ ಆ ಗಾಜುಗಳನ್ನು ತೋಟದಲ್ಲಿ ಎಳೆ ಸಸಿಗಳ ಮೇಲೆ ಚಳಿ ತಾಗದ ಹಾಗೆ ಮುಚ್ಚಿಡುತ್ತಿದ್ದರು ಅಂತ ಮೊಮ್ಮಗಳು ನೆನಪಿಸಿಕೊಂಡಿದ್ದಾರೆ. ತರಕಾರಿಯ ಫೋಟೋ ತೆಗೆದ ಗಾಜು ಕೊನೆಗೆ ತರಕಾರಿಯ ಹೊದಿಕೆ ಆಯಿತು. ಇದನ್ನು ಓದಿದಾಗ ಫೋಟೋ ಹುಚ್ಚಿನ ನನಗೆ ಅಯ್ಯೋ ಅನ್ನಿಸ್ತು. ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಮತ್ತೇನು, ಸುಮ್ಮನೆ ಅಟ್ಟದಲ್ಲಿ ಬಿದ್ದಿರೋ ಬದಲು" ಅಂದಳು.

1981 ಅಂದೆನಲ್ಲ, ಆ ವರ್ಷ ನಮ್ಮ ಮನೆಯಲ್ಲೂ ಒಂದು ಫೋಟೋ ತೆಗೆಸಿದ್ದರು.

ನಮ್ಮದು ಸಾಗರದ ಕಡೆ ಹಳ್ಳಿ ಮನೆ. ಮಳೆಗಾಲ ಮುಗಿದು ದೀಪಾವಳಿ ಹೊತ್ತಿಗೆ ಜಗಲಿ ತುಂಬ ಬೂದುಗುಂಬಳ, ಚೀನಿಕಾಯಿ, ಮೊಗೆಕಾಯಿ. ಬಿಸಿಲಿಗೆ ಸ್ವಲ್ಪ ಒಣಗಿದ ಮೇಲೆ ಬಾಳೆನಾರಿನಲ್ಲಿ ಸುತ್ತಿ ಅಟ್ಟದ ತೊಲೆಗೆ ನೇತುಹಾಕೋದು. ಮುಂದಿನ ಮಳೆಗಾಲದವರೆಗೆ ಅದೇ ತರಕಾರಿ ಅಂಗಡಿ. ಈ ಬಳ್ಳಿಗಳ ಯಜಮಾನಿಕೆ ಪೂರಾ ದೊಡ್ಡಜ್ಜಿಯದು. ದೊಡ್ಡಜ್ಜಿ ಅಂದರೆ ನಮ್ಮಜ್ಜನ ಅಕ್ಕ. ಎಂಟೋ ಒಂಬತ್ತೋ ವಯಸ್ಸಿಗೆ ಮದುವೆ, ಎರಡು ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ವಾಪಸ್ಸು. ಆಮೇಲೆ ಜೀವಮಾನ ಪೂರ್ತಿ ಕೆಂಪು ಸೀರೆ, ಬೋಳಿಸಿದ ತಲೆ, ಹಿತ್ತಲು. ನಿಮ್ಮಲ್ಲಿ ಕೆಲವರ ಮನೆಗಳಲ್ಲೂ ಅಂಥ ಒಬ್ಬರು ಇದ್ದಿರಬಹುದು. ಯಾವ ಬೀಜ ಯಾವ ನಕ್ಷತ್ರದಲ್ಲಿ ಹಾಕಬೇಕು, ಯಾವ ಕಾಯಿಯನ್ನು ಬೀಜಕ್ಕೆ ಬಿಡಬೇಕು ಎಲ್ಲ ಅವರ ಬಾಯಲ್ಲಿ. ಬೆರಳ ಗೆಣ್ಣಿನಿಂದ ಕಾಯಿ ತಟ್ಟಿ "ಇದು ಯುಗಾದಿ ಕಾಣತ್ತು, ಇದು ಕಾಣ" ಅಂತ ಹೇಳೋರು.

ಆ ದೀಪಾವಳಿಗೆ ಅತ್ತೆ, ಮಾವ, ಚಿಕ್ಕಪ್ಪಂದಿರು ಎಲ್ಲ ಸೇರಿದ್ದರು. ಪೇಟೆಯಿಂದ ಫೋಟೋಗ್ರಾಫರನ್ನು ಕರೆಸಿದರು. ನನಗೆ ಆರು ವರ್ಷ. ಅವರು ಬಂದವರೇ ಜಗಲಿ ನೋಡಿ, ಈ ಕುಂಬಳಕಾಯಿ ಎಲ್ಲ ತೆಗೀರಿ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂದರು. ತೆಗೆಯೋರು ಯಾರು? ದೊಡ್ಡಜ್ಜಿ. ಉಳಿದವರೆಲ್ಲ ಪೌಡರು ಹಾಕಿಕೊಂಡು ಸಾಲಾಗಿ ನಿಂತಿದ್ದರಲ್ಲ. ದೊಡ್ಡಜ್ಜಿಯನ್ನು ನಿಲ್ಲು ಅಂತ ಯಾರೂ ಕರೆಯಲಿಲ್ಲ. ಅವರಿಗೇ ಬೇಡವಾಗಿತ್ತು ಅಂತ ಆಮೇಲೆ ದೊಡ್ಡವರು ಹೇಳೋರು. ಕೇಳಿದ್ದರೆ ತಾನೆ ಬೇಡ ಅನ್ನೋದು!

ಆ ಕಪ್ಪು-ಬಿಳುಪು ಫೋಟೋ ಈಗ ನನ್ನ ಹತ್ತಿರ ಇದೆ. ಹದಿಮೂರು ಜನ. ಎಡಗಡೆ ಅಂಚಿನಲ್ಲಿ ಕಂಬದ ಪಕ್ಕ ಒಂದು ಹೆಗಲು, ಹೆಗಲ ಮೇಲೆ ಒಂದು ಬೂದುಗುಂಬಳ. ತಲೆ ಚೌಕಟ್ಟಿನಿಂದ ಆಚೆ. ಕೊನೆಯ ಕಾಯಿ ಒಳಗೆ ಸಾಗಿಸುವಷ್ಟರಲ್ಲಿ ಕ್ಲಿಕ್ ಆಗಿಬಿಟ್ಟಿದೆ. ದೊಡ್ಡಜ್ಜಿ 1998ರಲ್ಲಿ ಹೋದರು. ಹುಡುಕಿದರೆ ಅವರ ಫೋಟೋ ಅಂತ ಇದ್ದದ್ದು ಇದೊಂದೇ.

ಈ ಮಧ್ಯೆ ಬಣ್ಣದ ಕಥೆ ಅರ್ಧಕ್ಕೇ ನಿಂತಿತು. 1907ರಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸೋದರರು ಆಟೋಕ್ರೋಮ್ ಅನ್ನೋ ಬಣ್ಣದ ಪ್ಲೇಟು ಮಾರಾಟಕ್ಕೆ ತಂದರು. ಆಲೂಗಡ್ಡೆಯ ಪಿಷ್ಟದ ಕಣಗಳಿಗೆ ಕಿತ್ತಳೆ, ಹಸಿರು, ನೇರಳೆ ಬಣ್ಣ ಹಾಕಿ ಗಾಜಿನ ಮೇಲೆ ಹರಡಿ ಮಾಡಿದ್ದು. ಕುಂಬಳಕಾಯಿಗೆ ಫೋಟೋದಲ್ಲಿ ಬಣ್ಣ ಸಿಕ್ಕಿದ್ದು ಆಲೂಗಡ್ಡೆಯ ದಯೆಯಿಂದ ಅಂತಾಯ್ತು :-) 1935ರಲ್ಲಿ ಕೊಡಾಕ್ರೋಮ್ ಬಂತು. ಆಮೇಲೆ ಅಮೆರಿಕದ ಅಕ್ಟೋಬರ್ ಅಂದರೆ ಕಿತ್ತಳೆ ಗುಡ್ಡೆ, ಅದರ ಮೇಲೆ ಕೂತ ಮಗು, ಪಕ್ಕ ಹುಲ್ಲಿನ ಪಿಂಡಿ. ಐರ್ಲೆಂಡ್, ಸ್ಕಾಟ್ಲೆಂಡಿನವರು ಹಿಂದೆ ಟರ್ನಿಪ್ ಕೊರೆದು ದೀಪ ಇಡುತ್ತಿದ್ದರು. ಅಮೆರಿಕಕ್ಕೆ ಹೋದ ಮೇಲೆ ಅದು ಕುಂಬಳಕ್ಕೆ ಬಡ್ತಿ ಪಡೆಯಿತು. ಮ್ಯಾಸಚೂಸೆಟ್ಸಿನ ಜಾನ್ ಹೌಡನ್ ಅನ್ನೋ ರೈತ, ಕೊರೆಯಲು ಹೇಳಿ ಮಾಡಿಸಿದಂಥ, ಗಟ್ಟಿ ತೊಟ್ಟಿನ, ಕಡು ಕಿತ್ತಳೆಯ ಒಂದು ತಳಿಯನ್ನೇ ಬೆಳೆಸಿದ. ಅದಕ್ಕೆ ಹೌಡನ್ ಅಂತಲೇ ಹೆಸರು. ನೋಡೋಕೆ ಚೆಂದ, ತಿನ್ನೋಕೆ ಸಪ್ಪೆ. ಡಬ್ಬಿಯಲ್ಲಿ ಬರುವ ಅಮೆರಿಕದ ಕುಂಬಳದ ತಿರುಳು ಬಹುಪಾಲು ಇಲಿನಾಯ್ ರಾಜ್ಯದ್ದು. ಅದಕ್ಕೆ ಬಳಸೋ ಡಿಕಿನ್ಸನ್ ತಳಿ ಹೊರಗಿನಿಂದ ಮಾಸಲು ಕಂದು, ಉದ್ದುದ್ದ, ನಮ್ಮ ಸಂತೆಯ ಚೀನಿಕಾಯಿಯ ಖಾಸಾ ನೆಂಟ. ರುಚಿ ಇರೋದು ಅದರಲ್ಲಿ. ಆದರೆ ಅಕ್ಟೋಬರಿನ ಗ್ರೀಟಿಂಗ್ ಕಾರ್ಡಿನಲ್ಲಿ ಅದನ್ನು ಹುಡುಕಿ ನೋಡಿ, ಸಿಗೋದಿಲ್ಲ. ಫೋಟೋಜೆನಿಕ್ ಅಲ್ಲವಂತೆ. ನಮ್ಮ ಜಗಲಿಯ ಫೋಟೋಗ್ರಾಫರು ಒಬ್ಬರದೇ ತಪ್ಪು ಅಂತ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ.

ಕುಂಬಳಕಾಯಿಯ ಬಣ್ಣದ ಫೋಟೋಗಳಲ್ಲಿ ನನಗೆ ಇಷ್ಟವಾದದ್ದು ಒಂದೇ ಒಂದು. ಜೋಯಲ್ ಸ್ಟರ್ನ್‌ಫೆಲ್ಡ್ 1978ರ ಡಿಸೆಂಬರಿನಲ್ಲಿ ವರ್ಜೀನಿಯಾದ ಮೆಕ್‌ಲೀನ್ ಊರಿನಲ್ಲಿ ತೆಗೆದದ್ದು. ಹೆಸರೂ ಅಷ್ಟೇ, ಊರು ಮತ್ತು ತಾರೀಖು. ದೊಡ್ಡ ಎಂಟು-ಹತ್ತಿಂಚಿನ ಫಿಲ್ಮಿನ ಕ್ಯಾಮೆರಾ. ಮುಂದೆ ಸೀಸನ್ ಮುಗಿದ ಮೇಲೆ ಉಳಿದು, ಒಡೆದು, ನೆಲದಲ್ಲಿ ಚೆಲ್ಲಾಡಿದ ಕುಂಬಳಕಾಯಿಗಳು. ನಡುವೆ ಒಂದು ಅಂಗಡಿ, ಅಲ್ಲೊಬ್ಬ ಅಗ್ನಿಶಾಮಕ ದಳದವನು ನಿಧಾನವಾಗಿ ಕುಂಬಳಕಾಯಿ ಆರಿಸಿಕೊಂಡು ನಿಂತಿದ್ದಾನೆ. ಹಿಂದೆ ಮನೆಯೊಂದು ಧಗಧಗ ಉರಿಯುತ್ತಿದೆ! ಬೆಂಕಿಗೂ ಕುಂಬಳಕ್ಕೂ ಒಂದೇ ಬಣ್ಣ. ಫೋಟೋ ನೋಡಿ ಎಲ್ಲರೂ "ಇವನೆಂಥಾ ಮನುಷ್ಯ" ಅಂದುಕೊಂಡರು. 1987ರಲ್ಲಿ ಅದು ಅವರ 'ಅಮೆರಿಕನ್ ಪ್ರಾಸ್ಪೆಕ್ಟ್ಸ್' ಪುಸ್ತಕದಲ್ಲೂ ಬಂತು. ಅಸಲಿಗೆ ಅದು ಅಗ್ನಿಶಾಮಕದವರು ತರಬೇತಿಗೆ ಅಂತ ತಾವೇ ಹಚ್ಚಿದ ಬೆಂಕಿ. ಪಾಪ, ಬಿಡುವಿನಲ್ಲಿ ಕುಂಬಳಕಾಯಿ ಕೊಳ್ಳೋಕೆ ಬಂದಿದ್ದ ಅಷ್ಟೆ.

ಫೋಟೋದಲ್ಲಿ ಇರೋದೆಲ್ಲ ನಿಜ, ಆದರೂ ಕಥೆ ಸುಳ್ಳು. ನಮ್ಮ ಜಗಲಿಯ ಫೋಟೋ ತೋರಿಸಿದರೆ ಯಾರಾದರೂ ಅಂದುಕೊಳ್ಳಬಹುದು, ಯಾರೋ ಆಳು ಅಡ್ಡ ಬಂದಿದ್ದಾಳೆ ಅಂತ. ಬೆಂಗಳೂರಿನಲ್ಲಿ ಒಬ್ಬರು ಸ್ಟುಡಿಯೋದವರು ಹಾಗೇ ಅಂದರು. 2012ರಲ್ಲಿ ಫೋಟೋ ಮಾಸುತ್ತಿದೆ ಅಂತ ಸ್ಕ್ಯಾನ್ ಮಾಡಿ ಸರಿಪಡಿಸಲು ಕೊಟ್ಟಿದ್ದೆ. ತರಲು ಹೋದರೆ ಎಡಗಡೆ ಅಂಚು ಕ್ಲೀನಾಗಿ ಕತ್ತರಿಸಿ, "ಸೈಡಲ್ಲಿ ಡಿಸ್ಟರ್ಬೆನ್ಸ್ ಇತ್ತು ಸಾರ್, ತೆಗೆದುಬಿಟ್ಟೆ" ಅಂತ ನಗುನಗುತ್ತಾ ಕೊಟ್ಟರು. ಜಗಳ ಆಡಲಿಲ್ಲ. ಮೂಲ ಫೋಟೋ ವಾಪಸ್ ಇಸಕೊಂಡು ಮನೆಗೆ ಬಂದು ನಾನೇ ಸ್ಕ್ಯಾನ್ ಮಾಡಿದೆ. ಪಿಕ್ಸೆಲ್ ಪಿಕ್ಸೆಲ್ ಧೂಳು ತೆಗೆಯುತ್ತಾ ಹೋಗಿ ಎಡಗಡೆ ಅಂಚಿಗೆ ಬಂದಾಗ ಒಂದು ಬಿಳಿ ಮಚ್ಚೆ ಸಿಕ್ಕಿತು. ಫಂಗಸ್ ಇರಬೇಕು ಅಂತ ಅಳಿಸಲು ಹೊರಟವನು ನಿಂತೆ. ಫಂಗಸ್ ಅಲ್ಲ. ದೊಡ್ಡಜ್ಜಿಯ ಹೆಗಲ ಮೇಲೆ, ಕಪ್ಪಾಗಿ ಬಂದಿರೋ ಆ ಕೆಂಪು ಸೀರೆಯ ಮೇಲೆ, ಬೂದಿ.

ಬೂದುಗುಂಬಳದ ಮೇಲೆ ಬಿಳಿ ಹಿಟ್ಟಿನ ಹಾಗೆ ಇರುತ್ತಲ್ಲ, ಅದು ಕಾಯಿ ತಾನೇ ಸ್ರವಿಸುವ ಮೇಣ. ಕಾಯಿ ಬೇಗ ಒಣಗದ ಹಾಗೆ, ಕೊಳೆಯದ ಹಾಗೆ ಕಾಯುವುದು ಅದೇ, ಅದಕ್ಕೇ ಅಟ್ಟದಲ್ಲಿ ತಿಂಗಳುಗಟ್ಟಲೆ ಇರೋದು. ಹೆಗಲ ಮೇಲೆ ಹೊತ್ತರೆ ಅಂಟುತ್ತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಗಾದೆ ಹುಟ್ಟಿದ್ದು ಇದರಿಂದಲೇ ಅಲ್ವಾ? ನಾವು ಅದನ್ನು ಕಳ್ಳರಿಗೆ ಮಾತ್ರ ಹೇಳ್ತೀವಿ. ಒಂದೊಂದೇ ಕಾಯಿ ಹೊತ್ತು ಒಳಗಿಟ್ಟವರ ಹೆಗಲ ಮೇಲೂ ಅದೇ ಬೂದಿ ಇರುತ್ತೆ. ಎಷ್ಟು ಸಲ ಹೊತ್ತಿರಬೇಕು, ಅಷ್ಟು ದಪ್ಪ ಮಚ್ಚೆ ಬರಬೇಕಾದರೆ.

ಅದನ್ನು ಅಳಿಸಲಿಲ್ಲ. ಆ ಮೂಲೆಯನ್ನು ಮಾತ್ರ ದೊಡ್ಡದು ಮಾಡಿ ಒಂದು ಪ್ರಿಂಟ್ ಹಾಕಿಸಿದೆ. ಹೆಗಲು, ಕಾಯಿ, ಕಂಬ. ತಲೆಯಿಲ್ಲದ ಫೋಟೋ ಗೋಡೆಗೆ ಹಾಕಬಾರದು ಅಂತ ಮನೆಯಲ್ಲಿ ಚಿಕ್ಕಪ್ಪ ಕೂಗಾಡಿದರು. ಊರಲ್ಲಿ ಹಾಕಲಿಲ್ಲ, ಬೆಂಗಳೂರಲ್ಲಿ ನನ್ನ ಟೇಬಲ್ ಮೇಲೆ ಇದೆ. ಜೋನ್ಸ್ ಮಾಡಿದ ಹಾಗೆ ಬೆನ್ನಿಗೆ ಹೆಸರು ಬರೆದಿದ್ದೇನೆ. ಕಾಯಿಯ ಹೆಸರಲ್ಲ. ದೊಡ್ಡಜ್ಜಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನು ಅಂತ ಕೇಳಿಕೊಳ್ಳೋಕೆ ಮೂರು ಮನೆಗೆ ಫೋನ್ ಮಾಡಬೇಕಾಯ್ತು, ಅದು ಬೇರೆ ಮಾತು.

ಕುಂಬಳಕ್ಕೂ ಕ್ಯಾಮೆರಾಕ್ಕೂ ನಮ್ಮ ನಾಡಿನಲ್ಲಿ ಇನ್ನೊಂದು ನಂಟಿದೆ ನೋಡಿ, ಮರೆತಿದ್ದೆ. ಸಿನಿಮಾ ಶೂಟಿಂಗ್ ಮುಗಿಯಿತು ಅನ್ನೋದಕ್ಕೆ ಗಾಂಧಿನಗರದವರು "ಕುಂಬಳಕಾಯಿ ಒಡೆದರು" ಅಂತಾರೆ. ಕ್ಯಾಮೆರಾದ ಮುಂದೆ ಕಾಯಿ ಬರೋದು ಕೆಲಸ ಮುಗಿದ ಮೇಲೆ, ಒಡೆಸಿಕೊಳ್ಳೋಕೆ! ಆಯುಧಪೂಜೆಯ ಸಂಜೆ ಬೆಂಗಳೂರಿನ ರಸ್ತೆಗಳೂ ಹಾಗೇ, ಕುಂಕುಮ ತುಂಬಿ ಒಡೆದ ಬೂದುಗುಂಬಳ, ಅದರೊಳಗಿನ ಚಿಲ್ಲರೆಗೆ ಮುಗಿಬೀಳೋ ಮಕ್ಕಳು, ಜಾರಿ ಬೀಳೋ ಸ್ಕೂಟರುಗಳು. ಕೆಲವು ವರ್ಷ ಅದರ ಫೋಟೋಗಳನ್ನೂ ತೆಗೆದೆ. ಮೋಡದ ಬೆಳಕಿನಲ್ಲಿ, ಕಮ್ಮಿ ಎಕ್ಸ್‌ಪೋಷರ್ ಕೊಟ್ಟು, ಶಾಸ್ತ್ರೋಕ್ತವಾಗಿ. ಚೆನ್ನಾಗಿಯೇ ಬಂದಿವೆ. ಈ ಸಲ ಹೊರಗೆ ಹೋದಾಗ ಕ್ಯಾಮೆರಾ ಒಯ್ಯಲಿಲ್ಲ.

ಕಳೆದ ದೀಪಾವಳಿಗೆ ರಜೆ ಸಿಗದೆ ಊರಿಗೆ ಹೋಗಲಾಗಲಿಲ್ಲ. ಅಮ್ಮ ಈಗ ವಾಟ್ಸಾಪ್ ಕಲಿತಿದ್ದಾಳೆ. ಅಟ್ಟದ ತೊಲೆಗೆ ನೇತುಹಾಕಿದ ಕಾಯಿಗಳ ಫೋಟೋ ಕಳಿಸಿದ್ದಳು. ಈಗ ಬಾಳೆನಾರಿಲ್ಲ, ನೀಲಿ ಪ್ಲಾಸ್ಟಿಕ್ ಹಗ್ಗ. ಒಟ್ಟು ಏಳು ಬೂದುಗುಂಬಳ, ಎರಡು ಚೀನಿಕಾಯಿ. ಬೀಜ ಇನ್ನೂ ದೊಡ್ಡಜ್ಜಿ ಕಾಲದ್ದೇ ಅಂತ ಕೆಳಗೆ ಬರೆದಿದ್ದಳು. ಫೋಟೋ ಸ್ವಲ್ಪ ಅಲ್ಲಾಡಿದೆ, ಬಲಗಡೆ ಮೂಲೆಯಲ್ಲಿ ಅಮ್ಮನ ಹೆಬ್ಬೆರಳು ಅಡ್ಡ ಬಂದಿದೆ. "ಚೆನ್ನಾಗಿ ಬೈಂದಿಲ್ಲೆ, ಇನ್ನೊಂದು ತೆಗೆದು ಕಳಿಸ್ತಿ" ಅಂದಳು. ಬೇಡ, ಇದೇ ಇರಲಿ ಅಂದೆ.